ಟ್ಯಾಂಕರ್ ರಕ್ತ ಕೊಡಲಿಲ್ಲ

ಫ್ರಿಜ್ ರಿಪೇರಿಯವನಿಗೆ ಗೆಳೆಯರು ಇಟ್ಟ ಹೆಸರು ಟ್ಯಾಂಕರ್. ಯಾರಿಗೆ ರಕ್ತ ಬೇಕೆಂದರೂ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟು ಹೊರಟುಬಿಡುತ್ತಿದ್ದ. ಅವನದು ಸುಲಭಕ್ಕೆ ಸಿಗದ ಗುಂಪು, ಅವನ ಅಕ್ಕನದೂ ಅದೇ. ಈ ಪುಣ್ಯಾತ್ಮನಿಗೆ ಅದರ ಜಂಬವೂ ಸ್ವಲ್ಪ ಇತ್ತೆನ್ನಿ.

ಜಂಬ ಇಳಿದದ್ದು ಬೇರೆ ಊರಿನ ಕೆಲಸಕ್ಕೆ ಹೋಗಿಬಂದ ಮೇಲೆ. ಅಲ್ಲಿ ಪರಿಚಯವಾದವಳೊಬ್ಬಳ ಜೊತೆ ಹಿಂದೆಮುಂದೆ ನೋಡದೆ ಮಲಗಿದ್ದ, ಕಾಂಡೋಮ್ ಬಳಸಿರಲಿಲ್ಲ. ಆಮೇಲೆ ಗಂಟಲು ಕೆರೆದರೂ ಎಚ್‌ಐವಿ, ಬೆವರಿದರೂ ಎಚ್‌ಐವಿ. ಗಿರಾಕಿಗಳ ಮನೆಯಲ್ಲಿ ಫ್ರಿಜ್ಜಿನ ಬಾಗಿಲ ಮರೆಗೆ ನಿಂತು ಮೊಬೈಲಿನಲ್ಲಿ ನಾಲಿಗೆ ನೋಡಿಕೊಳ್ಳುತ್ತಿದ್ದ. ಹೆದರಿದವನ ಮೇಲೆ ಹಾವು ಎಸೆಯಲು ಇಂಟರ್ನೆಟ್ಟು ಬೇರೆ ಇತ್ತು.

ಕೊನೆಗೆ ರಕ್ತದಾನಿಗೆ ಮಾತ್ರ ಹೊಳೆಯುವ ಉಪಾಯ ಹೊಳೆಯಿತು: ರಕ್ತ ಕೊಟ್ಟರೆ ಅವರೇ ಪರೀಕ್ಷೆ ಮಾಡುತ್ತಾರೆ, ಯಾರಿಗೂ ಗೊತ್ತಾಗುವುದಿಲ್ಲ! ಸದ್ಯ, ಆಸ್ಪತ್ರೆಯ ಮೆಟ್ಟಿಲ ಮೇಲೆ ಬುದ್ಧಿ ಬಂದು ಎಚ್‌ಐವಿ ಪರೀಕ್ಷೆಯ ಕೋಣೆಗೇ ಹೋದ. ನೆಗೆಟಿವ್ ಬಂತು. ಎದ್ದೇಬಿಟ್ಟವನನ್ನು ಸಲಹೆ ಹೇಳುವ ಮೇಡಂ ಕೂರಿಸಿದರು.

“ತುಂಬಾ ಬೇಗ ಬಂದಿದ್ದೀರಿ. ಸೋಂಕು ತಗುಲಿದ್ರೂ ಮೊದಮೊದಲು ಪರೀಕ್ಷೆಲಿ ಕಾಣಿಸಲ್ಲ. ಮೂರು ತಿಂಗಳು ತುಂಬಿದ್ಮೇಲೆ ಇನ್ನೊಂದ್ಸಲ ಬನ್ನಿ. ಅಲ್ಲಿವರೆಗೂ ರಕ್ತ ಮಾತ್ರ ಕೊಡ್ಬೇಡಿ.”

“ಗಂಟಲು ನೋವಿದೆ ಮೇಡಂ.”

“ನೆಗಡಿ ಇರ್ಬಹುದು. ಲಕ್ಷಣ ನೋಡಿ ಹೇಳಕ್ಕಾಗಲ್ಲ. ಮೂರು ದಿನದೊಳಗೆ ಬಂದಿದ್ರೆ ತಡೆಯೋ ಮಾತ್ರೆನಾದ್ರೂ ಇತ್ತು.”

ಆ ಮೂರು ತಿಂಗಳು ತುಂಬುವ ಮೊದಲೇ ಅಕ್ಕನ ಹೆರಿಗೆಯಾಯಿತು. ಮಗು ಚೆನ್ನಾಗಿತ್ತು, ಅಕ್ಕನಿಗೆ ರಕ್ತ ನಿಲ್ಲಲಿಲ್ಲ. ತಾಯಿಯಿಲ್ಲದ ಅವನನ್ನು ಎತ್ತಿ ಆಡಿಸಿದ ಅಕ್ಕ ಅವಳು. ಓಡಿಬಂದವನ ತೋಳನ್ನು ಭಾವ ಆಸ್ಪತ್ರೆಯ ಬಾಗಿಲಲ್ಲೇ ಹಿಡಿದುಕೊಂಡ.

“ಬಾರೋ! ನಿನ್ನ ನಂಬ್ಕೊಂಡು ಬೇರೆ ಯಾರಿಗೂ ಹೇಳೇ ಇಲ್ಲ.”

ನೆಗೆಟಿವ್ ಬಂದಿದೆಯಲ್ಲ, ಕೊಟ್ಟುಬಿಡಲೇ ಎಂದು ಒಂದು ಗಳಿಗೆ ಟ್ಯಾಂಕರ್‌ಗೆ ಅನ್ನಿಸಿದ್ದು ನಿಜ.

“ನಂಗೆ ಜ್ವರ ಭಾವ.”

ಭಾವ ಹಣೆ ಮುಟ್ಟಿ ನೋಡಿದ. “ತಣ್ಣಗಿದೆಯಲ್ಲೋ! ಊರಿಗೆಲ್ಲ ಕೊಡ್ತೀಯ, ಅಕ್ಕನಿಗೆ ಮನಸ್ಸು ಬರಲ್ವಾ?”

ಬೆಂಚಿನ ಮೇಲಿದ್ದವರು ತಿರುಗಿ ನೋಡಿದರು. ಅವರೆದುರೇ ಹೇಳಿಬಿಟ್ಟ.

“ನಂಗೆ ಎಚ್‌ಐವಿ ಇರ್ಬಹುದು ಭಾವ. ಖಾತ್ರಿ ಆಗಿಲ್ಲ. ನನ್ನ ರಕ್ತ ಅವಳಿಗೆ ಬೇಡ.”

ಭಾವ ಗೋಡೆಗೊರಗಿದ. ಟ್ಯಾಂಕರ್ ಫೋನ್ ತೆಗೆದ. ಆ ಗುಂಪಿನ ರಕ್ತದವರು ಒಬ್ಬರಿಗೊಬ್ಬರು ಗೊತ್ತು. ಮಾಡಿದ ಪ್ರತಿ ಫೋನಿಗೂ ಆ ಕಡೆಯಿಂದ ಒಂದೇ ಪ್ರಶ್ನೆ: “ನೀನೇ ಇದ್ದೀಯಲ್ಲೋ, ನಿಂಗೇನಾಗಿದೆ?” ಸುಳ್ಳು ಪೋಣಿಸಲು ಪುರುಸೊತ್ತಿರಲಿಲ್ಲ. ಕೇಳಿದವರಿಗೆಲ್ಲ ಇದ್ದದ್ದನ್ನೇ ಹೇಳಿದ. ಬಸ್ ಕಂಡಕ್ಟರ್ ಒಬ್ಬ ಸಮವಸ್ತ್ರದಲ್ಲೇ ಬಂದ, ಅವನ ಹಿಂದೆಯೇ ಶಾಲೆಯ ಟೀಚರೊಬ್ಬರು ಬಂದರು.

ಅಕ್ಕ ಉಳಿದಳು. ಟ್ಯಾಂಕರ್‌ನ ಎರಡನೇ ಪರೀಕ್ಷೆಗೆ ಇನ್ನೂ ದಿನಗಳಿದ್ದವು. ಊರಿಗೆ ಮಾತ್ರ ಅದರ ಫಲಿತಾಂಶ ಆಗಲೇ ಗೊತ್ತಾಗಿಹೋಗಿತ್ತು.