ಬೀಗರಿಗೆ ಮುದ್ದೆ ಹಾಕೋದಾ?

“ಅಕ್ಕಾರ, ಒಂದು ಮಾತು ಕೇಳಲೇನು? ನೀವು ದಿನಾ ಮನ್ಯಾಗ ಏನ್ ಉಣ್ತೀರಿ, ನಾಳೆ ನಮಗೂ ಅದನ್ನ ಹಾಕ್ರಿ.”

ಹೀಗೆ ಅಂದವರು ಗಿರಿಜಕ್ಕ. ಗದಗಿನವರು. ನಮ್ಮ ಮಗಳು ಪಲ್ಲವಿಗೆ ಅತ್ತೆ ಆಗಲಿರುವವರು. ಅಂದದ್ದು ಯಾವಾಗ? ಚಳ್ಳಕೆರೆಯ ನಮ್ಮ ಮನೆಯಲ್ಲಿ ಹೋಳಿಗೆ, ತುಪ್ಪ, ಪೂರಿ, ಸಾಗು, ಬಿಳಿ ಅನ್ನ, ಹಪ್ಪಳ ಎಲ್ಲ ಉಂಡು, ಕೈ ಒರೆಸಿಕೊಳ್ಳುತ್ತಾ ಬಂದು ಕೂತ ಮೇಲೆ.

ನಾನು ನಕ್ಕೆ. ಪಾತ್ರೆ ಎತ್ತುತ್ತಿದ್ದ ನಮ್ಮತ್ತೆ ನಗಲಿಲ್ಲ. ಕಣ್ಣಲ್ಲೇ ನನ್ನನ್ನು ಅಡುಗೆಮನೆಗೆ ಕರೆದರು.

“ಏನೇ ಅದು, ಅವಳು ಕೇಳಿದ್ದು?”

“ನಮ್ಮ ಊಟ ಬೇಕಂತೆ ಅತ್ತೆ. ಮುದ್ದೆ, ಹುರುಳಿ ಸಾರು...”

“ಬಾಯ್ಮುಚ್ಚು. ಬೀಗರಿಗೆ ಮುದ್ದೆ ಹಾಕೋದಾ? ನಿಶ್ಚಿತಾರ್ಥ ಇನ್ನೂ ಆಗಿಲ್ಲ, ನೆನಪೈತಾ?”

ನೆನಪಿತ್ತು. ಮಾತುಕತೆ ಮುಗಿದಿತ್ತು ಅಷ್ಟೇ. ಹುಡುಗ ಗದಗಿನಲ್ಲೇ ಕಾಲೇಜು ಮೇಷ್ಟ್ರು. ಒಳ್ಳೆಯ ಹುಡುಗ. ಮದುವೆ ಸೀರೆ ಗಂಡಿನ ಕಡೆಯಿಂದ ಬರಬೇಕು. ಗಿರಿಜಕ್ಕನಿಗೆ ಅದು ಮೊಳಕಾಲ್ಮೂರು ಸೀರೆಯೇ ಆಗಬೇಕು, ಅದೂ ಅಂಗಡಿಯದಲ್ಲ, ಮಗ್ಗದ ಮನೆಯದು. ಹಾಗಾಗಿ ಗಂಡ ಹೆಂಡತಿ ಇಬ್ಬರೂ ಎರಡು ದಿನಕ್ಕೆ ಅಂತ ನಮ್ಮಲ್ಲಿಗೆ ಬಂದಿದ್ದರು. ನಮ್ಮ ಮನೆಯಲ್ಲಿ ಉಳಿಯಲು ಬಂದದ್ದು ಇದೇ ಮೊದಲು. ಟೆನ್ಷನ್ ಇರೋದಿಲ್ಲವಾ?

ನಮ್ಮತ್ತೆಯ ಟೆನ್ಷನ್ ಮಾತ್ರ ಬೇರೆ ಥರದ್ದು. ಅದಕ್ಕೊಂದು ಹಿನ್ನೆಲೆ ಇದೆ. ಅವರು ಹುಡುಗಿಯಾಗಿದ್ದ ಕಾಲದಲ್ಲಿ ಅಕ್ಕಿ ಅಂದರೆ ಹಬ್ಬಕ್ಕೆ ಮತ್ತು ನೆಂಟರಿಗೆ. ಉಳಿದ ದಿನವೆಲ್ಲ ರಾಗಿ, ನವಣೆ, ಸಜ್ಜೆ. ಅವರ ಅಕ್ಕನ ಮದುವೆಯಲ್ಲಿ ಕೊನೆಯ ಪಂಕ್ತಿಗೆ ಅಕ್ಕಿ ಸಾಲಲಿಲ್ಲ. ಯಾರೋ ಅವಸರಕ್ಕೆ ನವಣೆ ಅನ್ನ ಬಸಿದು ಬಡಿಸಿಬಿಟ್ಟರು. ಆ ಪಂಕ್ತಿಯಲ್ಲಿ ಕೂತಿದ್ದವರು ಗಂಡಿನ ಕಡೆಯ ಹಿರಿಯರು. ಅಷ್ಟೇ. ಆ ಅಕ್ಕನಿಗೆ ಗಂಡನ ಮನೆಯಲ್ಲಿ ‘ನವಣೆ ಅನ್ನದ ಮನೆಯೋಳು’ ಅಂತಲೇ ಹೆಸರು ಬಿತ್ತು. ಮೂರು ಮಕ್ಕಳ ತಾಯಿಯಾದ ಮೇಲೂ ಹೋಗಲಿಲ್ಲ.

“ನನ್ನ ಮೊಮ್ಮಗಳಿಗೆ ಅಂಥ ಮಾತು ಬರಬಾರದು” ಅಂದರು ಅತ್ತೆ. ಈಗ ನವಣೆ ಅಂದರೆ ಸಿರಿಧಾನ್ಯ, ಅಕ್ಕಿಗಿಂತ ದುಬಾರಿ, ಡಾಕ್ಟರುಗಳೇ ಬರೆದುಕೊಡ್ತಾರೆ ಅಂತ ಹೇಳಿದೆ. “ಡಾಕ್ಟರು ನಿನ್ನ ಮಗಳನ್ನ ಕಟ್ಕೊಳ್ತಾನಾ?” ಅಂದರು.

ಮಧ್ಯದ ದಾರಿ ತೋರಿಸಿದವರು ನಮ್ಮ ಮನೆಯವರು. “ಹೊರಗೆ ಕರ್ಕೊಂಡು ಹೋಗಿ ತಿನ್ನಿಸ್ಕೊಂಡು ಬಾ. ಅವರ ಆಸೆನೂ ತೀರುತ್ತೆ, ಅವ್ವನ ಮರ್ಯಾದೆನೂ ಉಳಿಯುತ್ತೆ” ಅಂದರು. (ಗಂಡಸರಿಗೆ ಇಂಥ ಐಡಿಯಾಗಳು ಬಹಳ ಬೇಗ ಹೊಳೆಯುತ್ತವೆ. ಕರ್ಕೊಂಡು ಹೋಗೋರು ಅವರಲ್ಲವಲ್ಲ.)

ಈಗ ಕೇಳಿ ತಮಾಷೆ. ಇಷ್ಟು ವರ್ಷದಿಂದ ಈ ಊರಲ್ಲಿದ್ದೇನೆ. ನಮ್ಮ ಊಟ ಎಲ್ಲಿ ಸಿಗುತ್ತೆ ಅಂತ ಅವತ್ತಿನವರೆಗೆ ಯೋಚನೆಯನ್ನೇ ಮಾಡಿರಲಿಲ್ಲ. ಮನೆಯಲ್ಲಿ ಇರುವುದನ್ನು ಯಾರಾದರೂ ಹೋಟೆಲಿನಲ್ಲಿ ಹುಡುಕುತ್ತಾರಾ? ಹೋಟೆಲಿಗೆ ಹೋಗುವುದೇ ಮನೆಯಲ್ಲಿ ಇಲ್ಲದ್ದನ್ನು ತಿನ್ನುವುದಕ್ಕೆ. ಮಸಾಲೆ ದೋಸೆ ಬೇಕಾ, ಇದೆ. ಗೋಬಿ ಮಂಚೂರಿ ಬೇಕಾ, ಬೀದಿ ಬೀದಿಗೂ ಇದೆ. ಸಂಜೆ ಮಂಡಕ್ಕಿ ಒಗ್ಗರಣೆ, ಮೆಣಸಿನಕಾಯಿ ಬಜ್ಜಿ ಬೇಕು ಅಂದರೆ ಇಡೀ ಊರೇ ನಿಮ್ಮದು. ಮುದ್ದೆ? ಅದೂ ಸಿಗುತ್ತೆ, ಆದರೆ ಹೆಚ್ಚಾಗಿ ಮಾಂಸದ ಹೋಟೆಲಿನಲ್ಲಿ, ಜೊತೆಗೆ ತಲೆ ಮಾಂಸ, ಬೋಟಿ. ನಮ್ಮ ಬೀಗ್ತಿ ಮೊಟ್ಟೆಯನ್ನೂ ಮುಟ್ಟದವರು.

ಕೊನೆಗೆ ಪಕ್ಕದ ಮನೆಯವರು ಮಾರ್ಕೆಟ್ ಕಡೆ ಒಂದು ಮೆಸ್ ಇದೆ ಅಂದರು. ಹಮಾಲರು, ಲಾರಿಯವರು ಉಣ್ಣುವ ಜಾಗ. ಅಪ್ಪಟ ಸಸ್ಯಾಹಾರ. ಅವತ್ತೇ ಸಂಜೆ ಗಿರಿಜಕ್ಕನನ್ನು ಆಟೋ ಹತ್ತಿಸಿಕೊಂಡು ಹೊರಟೆ.

ಒಳಗೆ ಉದ್ದದ ಬೆಂಚುಗಳು. ಎಲ್ಲರ ತಟ್ಟೆಯಲ್ಲೂ ಹೊಳೆಯುವ ಮುದ್ದೆ, ಸೊಪ್ಪಿನ ಸಾರು, ಪಕ್ಕದಲ್ಲಿ ಈರುಳ್ಳಿ ಚೂರು. ಗಿರಿಜಕ್ಕನ ಮುಖ ಅರಳಿತು. ಮೆಸ್ಸಿನ ಯಜಮಾನರು ನಮ್ಮ ಸೀರೆ ನೋಡಿದರು, ಬ್ಯಾಗ್ ನೋಡಿದರು. “ಲೇ, ಫ್ಯಾಮಿಲಿ ಬಂದೈತೆ, ಒಳಗಡೆ ಫ್ಯಾನ್ ಹಾಕೋ” ಅಂದರು.

ಒಳಗೆ ಪರದೆ ಬಿಟ್ಟ ಚಿಕ್ಕ ಕೋಣೆ. ಕೂತು ಎರಡು ಮುದ್ದೆ ಊಟ ಹೇಳಿದೆವು. ಬಂದದ್ದು ಚಪಾತಿ, ಕುರ್ಮಾ, ಅನ್ನ, ರಸಂ.

“ಮುದ್ದೆ ಕೇಳಿದ್ವಲ್ರಿ” ಅಂದೆ.

“ಅಯ್ಯೋ, ಅದು ಅವ್ರಿಗೆ ಕಣಕ್ಕ. ನಿಮಗೆ ಅಂತ ಬಿಸಿ ಚಪಾತಿ ಲಟ್ಟಿಸಿದೀನಿ. ಊರಿಂದ ಬಂದವ್ರು, ಮೆತ್ತಗೈತೆ, ತಿನ್ನಿ” ಅಂದರು ಯಜಮಾನರು. ಮಾತಿನಲ್ಲಿ ಅದೆಷ್ಟು ಪ್ರೀತಿ ಅಂದರೆ ಎದುರಾಡಲು ಬಾಯೇ ಬರಲಿಲ್ಲ.

ನಿಜ ಹೇಳಲಾ? ಬಾಯಿ ಬರಲಿಲ್ಲ ಅನ್ನುವುದಕ್ಕಿಂತ ನನಗೂ ಒಳಗೊಳಗೆ ಸಮಾಧಾನವೇ ಆಯಿತು. ಅತ್ತೆಯನ್ನು ಹಳೇ ಕಾಲದವರು ಅಂತ ಅನ್ನುವುದು ಸುಲಭ. ಬೀಗ್ತಿಯ ಎದುರಿಗೆ ಕಪ್ಪಗಿನ ಮುದ್ದೆ ಬಂದು ಕೂತರೆ ಹೇಗೋ ಏನೋ ಅನ್ನುವ ಅಳುಕು ನನ್ನಲ್ಲೂ ಇತ್ತು. ಗಿರಿಜಕ್ಕ ಚಪಾತಿ ಮುರಿದರು. “ಗದಗಿನ್ಯಾಗೂ ಹಿಂಗ ಇರತೈತಿ ಬಿಡ್ರಿ ಚಪಾತಿ” ಅಂದರು.

ಮಾರನೇ ದಿನ ಗಂಡಸರಿಬ್ಬರನ್ನೂ ಮನೆಯಲ್ಲೇ ಬಿಟ್ಟು (ಅವರಿಗೆ ಎಲೆಕ್ಷನ್ ಮಾತೇ ಮುಗಿದಿರಲಿಲ್ಲ) ನಾವಿಬ್ಬರೂ ಮೊಳಕಾಲ್ಮೂರಿಗೆ ಬಸ್ ಹತ್ತಿದೆವು. ಅಲ್ಲಿ ನನಗೆ ಪರಿಚಯದ ಮನೆ ನಾಗರತ್ನಮ್ಮನವರದು. ಅವರ ಯಜಮಾನರು ಗೋವಿಂದಪ್ಪ ಮಗ್ಗದಲ್ಲಿ ಕೂರುತ್ತಾರೆ. ಆಕೆ ನೂಲು ಸುತ್ತಿ ಕೊಡುತ್ತಾರೆ. ಮನೆಮಾತು ತೆಲುಗು. ಕನ್ನಡವೂ ಅಷ್ಟೇ ಸಲೀಸು, ಸಿಟ್ಟು ಬಂದಾಗ ಮಾತ್ರ ಪೂರ್ತಿ ತೆಲುಗು.

ಬಾಗಿಲಲ್ಲೇ “ರಂಡಿ ಅಮ್ಮ, ರಂಡಿ” (ತೆಲುಗಿನಲ್ಲಿ ‘ಬನ್ನಿ’ ಅಂತ) ಕರೆದು ಚಾಪೆ ಹಾಸಿದರು. ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದ ಗೋವಿಂದಪ್ಪನವರು ಅಲ್ಲಿಂದಲೇ ಕೈ ಮುಗಿದರು. ಮಧ್ಯಾಹ್ನ ಆಗುತ್ತಾ ಬಂದಿತ್ತು. ನಾವು ಕೂತ ಸ್ವಲ್ಪ ಹೊತ್ತಿಗೆ ನಾಗರತ್ನಮ್ಮ ಹೊರಗೆ ಹೋಗಿ, ಹೋಟೆಲಿನಿಂದ ಪೂರಿಯನ್ನೂ ಬಜ್ಜಿಯನ್ನೂ ಕಟ್ಟಿಸಿಕೊಂಡು ಬಂದರು. ಪೇಪರಿನ ತುಂಬ ಎಣ್ಣೆ. ಬೇಡ ಅನ್ನುವಂತಿಲ್ಲ. ತಿಂದೆವು.

ತಿಂದು ಮುಗಿಸುವ ಹೊತ್ತಿಗೆ ಗೋವಿಂದಪ್ಪ ಎದ್ದು ಬಂದು ಒಂದು ಸೀರೆ ಬಿಚ್ಚಿದರು. ಕುಂಕುಮ ಬಣ್ಣದ ಒಡಲು, ಹಸಿರು ಅಂಚು. ಗಿರಿಜಕ್ಕ “ಆಹಾ!” ಅಂತ ಕೈ ಚಾಚಿದರು.

“ಅಮ್ಮಾ!” ಅಂತ ನಾಗರತ್ನಮ್ಮ ಕೂಗಿದ ರಭಸಕ್ಕೆ ನಾನೇ ಬೆಚ್ಚಿಬಿದ್ದೆ. “ಎಣ್ಣೆ ಕೈ! ರೇಷ್ಮೆಗೆ ಒಂದು ಬೊಟ್ಟು ತಾಗಿದ್ರೂ ಹೋಗಲ್ಲಮ್ಮ. ಬನ್ನಿ, ಕಡ್ಲೆಹಿಟ್ಟು ಕೊಡ್ತೀನಿ, ತೊಳ್ಕೊಳ್ಳಿ.”

ನೋಡಿ, ಮರ್ಯಾದೆಗೆ ಅಂತ ತಂದ ಬಜ್ಜಿ ಏನು ಮಾಡಿತು! ಮಗ್ಗದ ಮನೆಯವರು ಹಗಲು ಹೊತ್ತಿನಲ್ಲಿ ತಾವು ಎಣ್ಣೆಯ ತಿಂಡಿ ಮುಟ್ಟುವುದೇ ಕಮ್ಮಿ. ನಾವು ಸೀರೆ ಮುಟ್ಟಲೆಂದೇ ಬಂದವರು. ಅವರು ನಮಗೇ ಎಣ್ಣೆ ತಿನ್ನಿಸಿದ್ದರು. ನೆಂಟರು ಅಂದಾಕ್ಷಣ ಕೆಲಸದ ನಿಯಮವೂ ಮರೆತುಹೋಗುತ್ತೆ.

ಕೈ ತೊಳೆಯಲು ಹಿತ್ತಲಿಗೆ ಹೋಗಬೇಕು. ಹಿತ್ತಲಿಗೆ ಅಡುಗೆಮನೆ ದಾಟಿಯೇ ಹೋಗಬೇಕು. ಮುಂದೆ ಗಿರಿಜಕ್ಕ, ಹಿಂದೆ ನಾನು. ಅವರು ಅಡುಗೆಮನೆಯ ನಡುವೆ ಟಕ್ಕನೆ ನಿಂತರು. ಒಲೆಯ ಪಕ್ಕ ತಟ್ಟೆ ಮುಚ್ಚಿದ ಪಾತ್ರೆ, ಸಂದಿಯಿಂದ ಹಬೆ. ಇನ್ನೊಂದರಲ್ಲಿ ಹುರುಳಿ ಸಾರು, ಬೆಳ್ಳುಳ್ಳಿ ವಾಸನೆ ಮೂಗಿಗೆ ಹೊಡೆಯಿತು.

“ಇದೇನ್ರಿ?”

“ಸಂಗಟಿ ಅಮ್ಮ... ಮುದ್ದೆ.” ನಾಗರತ್ನಮ್ಮನ ಮುಖ ಚಿಕ್ಕದಾಯಿತು.

“ಮತ್ತ ನಮಗ್ಯಾಕ ಹಾಕಲಿಲ್ಲ?”

“ಅಯ್ಯೋ, ಅದು ನಾವು ತಿನ್ನೋದಮ್ಮ!”

ಮೂರು ಕಡೆ, ಮೂರು ಜನರ ಬಾಯಲ್ಲಿ ಒಂದೇ ಮಾತು. ನಮ್ಮತ್ತೆ, ಮೆಸ್ಸಿನ ಯಜಮಾನರು, ಈಗ ಈಕೆ. ಒಬ್ಬರಿಗೊಬ್ಬರು ಪರಿಚಯವೇ ಇಲ್ಲ.

ಗಿರಿಜಕ್ಕ ಕೈ ತೊಳೆದು ಬಂದವರು ಸೀರೆಯ ಕಡೆಗೆ ಹೋಗಲಿಲ್ಲ. ಅಡುಗೆಮನೆಯಲ್ಲೇ ಗೋಡೆಗೆ ಒರಗಿ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟರು. “ನಾ ನಿನ್ನಿಯಿಂದ ಕೇಳಾಕತ್ತೀನಿ. ಹಾಕ್ರಿ ತಂಗಿ” ಅಂದರು.

ನಾಗರತ್ನಮ್ಮ ನನ್ನ ಮುಖ ನೋಡಿದರು. ಹಾಕಲಾ ಬೇಡವಾ ಅಂತ. ನನ್ನ ಕಣ್ಣ ಮುಂದೆ ಅತ್ತೆ ಬಂದು ನಿಂತಿದ್ದರು. ಆದರೂ ಹಾಕಿ ಅಂತ ತಲೆ ಆಡಿಸಿದೆ.

ತಟ್ಟೆಗೆ ಮುದ್ದೆ ಬಂತು. ಗಿರಿಜಕ್ಕ ರೊಟ್ಟಿ ಮುರಿದಂತೆ ಮುರಿಯಲು ಹೋಗಿ ಬೆರಳು ಸುಟ್ಟುಕೊಂಡರು. ಊದಿದರು. ಒಂದು ಚೂರು ಬಾಯಿಗಿಟ್ಟು ಅಗಿಯತೊಡಗಿದರು. ಅಗಿದರು, ಅಗಿದರು. ಅದು ಹಲ್ಲಿಗೆಲ್ಲ ಮೆತ್ತಿಕೊಂಡಿತು.

“ಅಗೀಬಾರದಮ್ಮ, ನುಂಗಬೇಕು!” ಅಂದರು ನಾಗರತ್ನಮ್ಮ.

“ಅಗೀದ ನುಂಗಿದ್ರ ರುಚಿ ಹೆಂಗ ಗೊತ್ತಾಗತೈತ್ರಿ?”

“ರುಚಿ ಸಾರಲ್ಲಿರುತ್ತಮ್ಮ. ಮುದ್ದೆ ಹೊಟ್ಟೆಗೆ.”

ನಕ್ಕೂ ನಕ್ಕೂ ಕಣ್ಣಲ್ಲಿ ನೀರು ಬಂತು ಮೂವರಿಗೂ. ಅತ್ತ ನಡುಮನೆಯಿಂದ ಗೋವಿಂದಪ್ಪನವರ ಧ್ವನಿ: “ಏಮೇ, ನನ್ನ ಪಾಲಿನ ಮುದ್ದೆನಾ ಅದು?” ಅದೇ ಆಗಿತ್ತು. ಪಾಪ, ಅವರು ನಮಗೆ ಅಂತ ಕಟ್ಟಿಸಿ ತಂದದ್ದರಲ್ಲಿ ಉಳಿದಿದ್ದ ಪೂರಿ ತಿಂದು, ಕಡ್ಲೆಹಿಟ್ಟಲ್ಲಿ ಕೈ ಉಜ್ಜಿ ಉಜ್ಜಿ ತೊಳೆದು, ಆಮೇಲೆ ಮಗ್ಗಕ್ಕೆ ಇಳಿದರು.

ಸೀರೆ ಆಯಿತು. ಅದೇ ಕುಂಕುಮ ಬಣ್ಣದ್ದು. ಬಸ್ಸಿನಲ್ಲಿ ಬರುವಾಗ ಗಿರಿಜಕ್ಕ ಕಿಟಕಿಗೆ ತಲೆ ಇಟ್ಟು ನಿದ್ದೆ ಹೋದರು. ನನಗೆ ನಿದ್ದೆಯಿಲ್ಲ. ಮನೆಯಲ್ಲಿ ಅತ್ತೆ ಕೇಳದೇ ಬಿಡುವುದಿಲ್ಲ. ಪೂರಿ ತಿಂದೆವು ಅಂತ ಹೇಳೋಣವಾ? ಅದು ಸುಳ್ಳೇನೂ ಅಲ್ಲವಲ್ಲ. ಆದರೆ ಗಿರಿಜಕ್ಕ ಸುಮ್ಮನಿರಬೇಕಲ್ಲ!

ಸುಮ್ಮನಿರಲಿಲ್ಲ. ಚಪ್ಪಲಿ ಬಿಡುವ ಮೊದಲೇ ಅತ್ತೆ ಕೇಳಿದರು, “ಊಟ ಎಲ್ಲಾಯ್ತು?” ಗಿರಿಜಕ್ಕ ಹೇಳಿಯೇಬಿಟ್ಟರು, “ಮುದ್ದಿ ಉಂಡ್ವಿ ಅತ್ತೀ. ನುಂಗೂದು ಕಲತೆ.”

ಅತ್ತೆ ನನ್ನ ಕಡೆ ಒಂದು ನೋಟ ಬೀರಿದರು. ಮದುವೆಯಾಗಿ ಇಷ್ಟು ವರ್ಷವಾದರೂ ಆ ನೋಟಕ್ಕೆ ನನಗೆ ಇನ್ನೂ ಹೆದರಿಕೆ. ಆಮೇಲೆ, ಬೀಗ್ತಿಯ ಎದುರು ಅದೆಲ್ಲಿಂದ ಧೈರ್ಯ ಬಂತೋ, ತಮ್ಮ ಅಕ್ಕನ ಕತೆಯನ್ನು ಅವರೇ ಹೇಳಿದರು. ಕೊನೆಯ ಪಂಕ್ತಿ, ನವಣೆ ಅನ್ನ, ಆ ಅಡ್ಡಹೆಸರು. “ಅದಕ್ಕೇ ಕಣವ್ವ, ನಮ್ಮನೇಲಿ ನಿಮಗೆ ಹಾಕ್ಲಿಲ್ಲ. ನಾಳೆ ನಮ್ಮ ಹುಡುಗಿಗೆ ಯಾರೂ ಒಂದು ಮಾತು ಅನ್ನಬಾರದು.”

ಗಿರಿಜಕ್ಕ ನಗಲಿಲ್ಲ. ಅತ್ತೆಯ ಪಕ್ಕಕ್ಕೆ ಸರಿದು ಕೂತರು. “ನಮ್ಮ ಮನ್ಯಾಗೂ ಇದ್ದದ್ದ ಅತ್ತೀ. ಬೀಗರು ಬಂದ್ರಂದ್ರ ಜ್ವಾಳದ ನುಚ್ಚು ಮುಚ್ಚಿಟ್ಟು ಗೋದಿ ಚಪಾತಿ ಮಾಡ್ತಿದ್ರು ನಮ್ಮತ್ತಿ. ನುಚ್ಚಿನ ಗಡಿಗಿ ನಾನ ಹಿತ್ತಲಕ್ಕ ಒಯ್ದು ಇಟ್ಟೀನಿ. ನಿಮ್ಮ ಮೊಮ್ಮಗಳಿಗೆ ಆ ಮಾತು ನಾ ಅನ್ನಂಗಿಲ್ಲ. ಅನ್ನೋರು ಯಾರರ ಇದ್ರ, ಅವರಿಗೆ ನಾ ಕೇಳ್ತೀನಿ.”

ನನ್ನ ಎದೆಯ ಮೇಲಿನ ಭಾರ ಇಳಿಯಿತು. ಅತ್ತೆಯದೂ ಇಳಿದಿರಬೇಕು, ಕಣ್ಣೊರೆಸಿಕೊಂಡರು. ಇದೇ ಸಮಯ ಅಂತ ನಾನು ಬಾಯಿ ಹಾಕಿದೆ: “ಹಂಗಾದ್ರೆ ನಾಳೆ ಬೆಳಿಗ್ಗೆ ಹೊರಡೋಕೆ ಮುಂಚೆ ಒಂದೊಂದು ಬಿಸಿ ಮುದ್ದೆ ಮಾಡ್ಲಾ ಅತ್ತೆ?”

“ಯಾಕೆ?” ಅಂದರು ಅತ್ತೆ, ಕಣ್ಣೀರಿನ ಸುಳಿವೂ ಇಲ್ಲದ ದನಿಯಲ್ಲಿ. “ಬೇರೆಯವರ ಮನೇಲಿ ಉಂಡವ್ರೆ, ಅದು ಅವರ ಮನೆ ವಿಚಾರ. ನಮ್ಮ ಮನೇಲಿ ಇನ್ನೂ ಬೀಗ್ರೇ. ಮದುವೆ ಆಗ್ಲಿ, ಆಮೇಲೆ ಮನೆಯೋರಾಗ್ತಾರೆ. ಆಗ ದಿನಾ ಹಾಕು, ಯಾರು ಬೇಡ ಅಂತಾರೆ?”

ಗಿರಿಜಕ್ಕ ಹೌದು ಹೌದು ಅಂತ ತಲೆ ಆಡಿಸಿದರು. ಅವರಿಗೆ ಅದರಲ್ಲಿ ತಪ್ಪೇ ಕಾಣಲಿಲ್ಲ. ಬೆಳಿಗ್ಗೆ ಇಬ್ಬರಿಗೂ ಕೇಸರಿಬಾತು ತಿನ್ನಿಸಿ, ಗಿರಿಜಕ್ಕನಿಗೆ ಮಡಿಲು ತುಂಬಿಸಿ ಬಸ್ಸಿಗೆ ಕಳಿಸಿದೆವು.

ಸಿರಿಧಾನ್ಯ ಮೇಳ ಮಾಡುತ್ತೇವೆ. ದೇಸಿ ಊಟ ಮಾಯವಾಗ್ತಿದೆ ಅಂತ ಮೊಬೈಲಿನಲ್ಲಿ ಮೆಸೇಜು ಕಳಿಸುತ್ತೇವೆ. ಎಲ್ಲೂ ಮಾಯವಾಗಿಲ್ಲ ಕಣ್ರೀ. ಮಧ್ಯಾಹ್ನದ ಹೊತ್ತಿಗೆ ಯಾವ ಮನೆಯ ಅಡುಗೆಮನೆಗೆ ನುಗ್ಗಿದರೂ ತಟ್ಟೆ ಮುಚ್ಚಿಕೊಂಡು ಬೆಚ್ಚಗಿದೆ. ನುಗ್ಗುವುದು ಹೇಗೆ ಅನ್ನುವುದೇ ಪ್ರಶ್ನೆ.

ಅಲ್ಲ, ನಮ್ಮೂರಿನ ಊಟ ಉಣ್ಣಬೇಕು ಅಂತ ಆಸೆಪಟ್ಟವರೆಲ್ಲ ನಮ್ಮೂರಿಗೆ ಹೆಣ್ಣು ಕೇಳಿಕೊಂಡೇ ಬರಬೇಕೇನ್ರೀ?