ಒಬ್ಬನೇ ಸದಸ್ಯನ ಪಕ್ಷ

ದಂಡೇಲಿ ಹತ್ತಿರದ ಕೋಗಿಲಬನದ ಆಚೆಗಿನ ನಮ್ಮ ಊರು ಮಳೆಗಾಲದ ನಾಲ್ಕು ತಿಂಗಳು ನಡುಗಡ್ಡೆ. ಒಂದು ಕಡೆ ಕಾಳಿ ನದಿ, ಉಳಿದ ಕಡೆ ಅದಕ್ಕೆ ಸೇರುವ ಹಳ್ಳ. ಈ ನಡುಗಡ್ಡೆಗೂ ಒಂದು ಪಂಚಾಯ್ತಿ ಇತ್ತು, ಐವರು ಸದಸ್ಯರಿದ್ದರು. ಅದರಲ್ಲಿ ವಿರೋಧ ಪಕ್ಷ ಅಂದರೆ ನಾನು, ಮಹಾಂತಪ್ಪ. ಧಾರವಾಡ ಕಡೆಯಿಂದ ಕಾಗದ ಕಾರ್ಖಾನೆಗೆ ಬಿದಿರು ಹೊರಲು ಬಂದವನು, ನಾಲ್ಕು ಭಾಷಣ ಕೇಳಿ ಸಮಾಜವಾದಿಯಾಗಿದ್ದೆ. ಪಕ್ಷದ ಅಧ್ಯಕ್ಷ, ಕಾರ್ಯದರ್ಶಿ, ಜೈಕಾರ ಹಾಕುವ ಜನ, ಎಲ್ಲ ನಾನೇ. ಕೆಂಪು ಟೊಪ್ಪಿಗೆಯೂ ಒಂದೇ ಇತ್ತು.

ಪಕ್ಷಕ್ಕೆ ಶಿಸ್ತು ಬೇಕೆಂದು ಒಂದು ನಿಯಮ ಬರೆದು ನನ್ನ ಮನೆಯ ಗೋಡೆಗೇ ಅಂಟಿಸಿದ್ದೆ: ಪಂಚಾಯ್ತಿ ಚೇರ್ಮನ್ನರು ತಂದ ಯಾವ ಠರಾವಿಗೂ ಕೈ ಎತ್ತತಕ್ಕದ್ದಲ್ಲ. ನಿಯಮ ಅವಿರೋಧವಾಗಿ ಪಾಸಾಗಿತ್ತು.

ಅರವತ್ತೊಂದರ ಬೇಸಿಗೆಯ ಕೊನೆಗೆ ಚೇರ್ಮನ್ ಬಸಲಿಂಗಯ್ಯನವರು ಠರಾವು ತಂದರು: ಹಳ್ಳಕ್ಕೊಂದು ದೋಣಿ. ಚುನಾವಣೆಯಲ್ಲಿ ಮನೆಮನೆಗೆ ಹೋಗಿ ನಾನು ಕೊಟ್ಟ ಮಾತೇ ಅದು. ಸಿದ್ದಿ ಕೇರಿಯ ಸೋನುಬಾಯಿ ಆ ಮಾತು ನಂಬಿ ಇಡೀ ಕೇರಿಯ ಮತ ಹಾಕಿಸಿದ್ದಳು. ಈಗ ಅವಳ ಸೊಸೆ ಬಸುರಿ, ದಂಡೇಲಿಯ ದವಾಖಾನೆ ಹಳ್ಳದ ಆಚೆ. ಸೋನುಬಾಯಿ ಸಭೆಯ ಬಾಗಿಲಲ್ಲೇ ಕುಳಿತಿದ್ದಳು.

ಚೇರ್ಮನ್ನರೂ ಸೇರಿ ಇಬ್ಬರು ಕೈ ಎತ್ತಿದರು, ಇಬ್ಬರು ಎತ್ತಲಿಲ್ಲ. ಎಲ್ಲರೂ ನನ್ನನ್ನೇ ನೋಡಿದರು.

“ಎತ್ರಿ ಮಹಾಂತಪ್ಪ, ನಿಮ್ಮದ ಡೋಣಿ ಇದು,” ಅಂದರು ಬಸಲಿಂಗಯ್ಯ.

“ಡೋಣಿ ನಂದರೀ, ಠರಾವು ನಿಮ್ಮದು. ಪಕ್ಷದ ಶಿಸ್ತು ಅಂಬೋದು ಒಂದ ಐತಿ,” ಎಂದು ಎರಡೂ ಕೈ ಬಗಲಲ್ಲಿ ಸಿಕ್ಕಿಸಿಕೊಂಡೆ.

ಠರಾವು ಬಿತ್ತು. ಮೂಗು ಕೊಯ್ದುಕೊಂಡು ಎದುರಿನವನಿಗೆ ಅಪಶಕುನ ಮಾಡಿದೆನೆಂದು ಹಿಗ್ಗಿದ ಗಿರಾಕಿ ನಾನು, ಮೀಸೆ ತಿರುವುತ್ತ ಹೊರಗೆ ಬಂದೆ. ಸೋನುಬಾಯಿ ಎದ್ದು ಕೇರಿಯ ಕಡೆ ಹೋದಳು.

ಆಷಾಢದ ಒಂದು ಮುಂಜಾನೆ ಅವಳೇ ನನ್ನ ಬಾಗಿಲಿಗೆ ಬಂದಳು. ಸೊಸೆಗೆ ಬೇನೆ ಶುರುವಾಗಿತ್ತು. ಕೂಸು ಅಡ್ಡ ತಿರುಗಿದೆಯೆಂದು ಸೂಲಗಿತ್ತಿ ಕೈಚೆಲ್ಲಿದ್ದಳು. ಕಂಬಳಿಯ ಜೋಳಿಗೆ ಕಟ್ಟಿ ಬಿದಿರಿಗೆ ತೂಗಿಹಾಕಿದ್ದರು. ಹಿಂದೆ ಹೊರಲು ಅವಳ ಮಗ ಸೋಮಾ ಇದ್ದ, ಮುಂದೆ ಅವನಷ್ಟೇ ಎತ್ತರದ ಆಳು ಬೇಕಿತ್ತು. ಊರಿನಲ್ಲಿ ಅಷ್ಟು ಉದ್ದ ಇದ್ದವನು ನಾನೊಬ್ಬನೇ. ಅದೊಂದು ಬಿಟ್ಟರೆ ನನ್ನಲ್ಲಿ ಬೇರೆ ಯೋಗ್ಯತೆ ಇರಲಿಲ್ಲ.

ತಾಯಿ, ಕೂಸು ಇಬ್ಬರೂ ಉಳಿದರೆಂದು ಈಗಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಇದನ್ನು ಬರೆಯುವ ಮುಖ ನನಗಿರುತ್ತಿರಲಿಲ್ಲ.

ನಡುಹಳ್ಳದಲ್ಲಿ ನೀರು ಎದೆಗೆ ಬಂತು. ಜೋಳಿಗೆ ನೆನೆಯದಂತೆ ಬಿದಿರನ್ನು ಎರಡೂ ಕೈಯಿಂದ ತಲೆಯ ಮೇಲಕ್ಕೆ ಎತ್ತಿ ಹಿಡಿದೆ. ಬಿದಿರು ತಾಗಿ ಟೊಪ್ಪಿಗೆ ನೀರಿಗೆ ಬಿದ್ದು ತೇಲಿಹೋಯಿತು. ಹುಡುಗಿ ನರಳುತ್ತಿದ್ದಳು. ನನಗೆ ನಾಚಿಕೆ, ಹೆದರಿಕೆ ಒಟ್ಟಿಗೇ ಬಂದು ಅಳು ಉಕ್ಕಿತು. ತೋಳು ಸೋತು ಇಳಿಯತೊಡಗಿದವು.

ಕುತ್ತಿಗೆಮಟ್ಟದ ನೀರಿನಲ್ಲಿ ಜೋಳಿಗೆಗೆ ಕೈ ಕೊಟ್ಟು ಪಕ್ಕದಲ್ಲಿ ಬರುತ್ತಿದ್ದ ಸೋನುಬಾಯಿ ಮೆಲ್ಲಗೆ ಅಂದಳು:

“ಇಳಸಬ್ಯಾಡ್ರಿ ಮಹಾಂತಪ್ಪಾರ, ಹಂಗ ಹಿಡೀರಿ. ಅವತ್ತ ಒಂದ ಕೈ, ಒಂದ ಗಳಿಗಿ ಎತ್ತಿದ್ರ ಸಾಕಾಗಿತ್ತು.”