ಹೆಬಳೆಗೊಬ್ಬ ನರ್ಸಬಾಯಿ

ನಿನ್ನೆ ಪ್ರಚಾರದ ಹುಡುಗರು ಕೈಗಿಟ್ಟುಹೋದ ಕರಪತ್ರ ಇನ್ನೂ ಅಚ್ಚಿನ ಶಾಯಿಯ ವಾಸನೆ ಹೊಡೆಯುತ್ತಿತ್ತು. ‘ಭಟ್ಕಳ, ಹೊನ್ನಾವರ, ಕುಮಟಾಗಳ ಒಂದೇ ದನಿ’ ಎಂದು ಅದರ ತಲೆಬರಹ. ಓದಿ ನಗು ಬಂತು. ಈ ಮೂರೂ ಊರು ಒಂದೇ ದನಿಯಲ್ಲಿ ಮಾತಾಡಿದ್ದನ್ನು ನಾನು ಒಮ್ಮೆ ಮಾತ್ರ ಕಂಡಿದ್ದೇನೆ, ನೋಡಿ. ಅದೂ ನನ್ನದೇ ಕೈಚಳಕ.

ಅರವತ್ತರ ದಶಕದ ಆರಂಭ. ಕುಮಟಾದವಳಾದ ನಾನು ಭಟ್ಕಳ ತಾಲೂಕಿನ ಹೆಬಳೆ ಶಾಲೆಯಲ್ಲಿ ಪಾಠ ಹೇಳುವ ಅಕ್ಕೋರು. ನಮ್ಮ ಲೋಕಸಭಾ ಸದಸ್ಯರು ಐದು ವರ್ಷದಲ್ಲಿ ಎರಡು ಸಲ ದರ್ಶನ ಕೊಟ್ಟರು. ಎರಡನೆಯದು ಮತ್ತೆ ಮತ ಕೇಳಲು. ಮೊದಲ ಸಲ ಹೊನ್ನಾವರದಲ್ಲಿ ಅವರಿಗೆ ಸತ್ಕಾರವೆಂದು ತಿಳಿದು, ಶಾಲೆಯ ಪಕ್ಕದ ಮನೆಯ ನಾಗಮ್ಮ ಬಂದಳು. ಮಗಳು ಮಾದೇವಿಗೆ ಮೊದಲ ಹೆರಿಗೆಯಲ್ಲಿ ಕೂಸು ಉಳಿದಿರಲಿಲ್ಲ. ಈಗ ಮತ್ತೆ ಬಸುರಿ.

“ಅಕ್ಕೋರೇ, ನಮ್ಗೆ ರಸ್ತೆ ಬ್ಯಾಡ, ದೀಪ ಬ್ಯಾಡ. ಊರಿಗೊಬ್ಳು ನರ್ಸಬಾಯಿ ಬಂದ್ರೆ ಆತು. ನೀವೊಂದು ಅರ್ಜಿ ಬರ್ದುಕೊಡಿ.”

ನರ್ಸಬಾಯಿಗೂ ದಿಲ್ಲಿಗೂ ಎಂಥ ಸಂಬಂಧವೆಂದು ನಾವ್ಯಾರೂ ಯೋಚಿಸಲಿಲ್ಲ. ಗೆಲ್ಲಿಸಿದವರನ್ನೇ ಕೇಳಬೇಕು, ಅಷ್ಟೆ. ಆದರೆ ಸದಸ್ಯರ ಕಡೆಯವರು, ಮೂರೂ ತಾಲೂಕಿನ ಮುಖಂಡರ ಸಹಿಯಿಲ್ಲದ ಅರ್ಜಿಯನ್ನು ಸಾಹೇಬರು ಮುಟ್ಟುವುದಿಲ್ಲ ಎಂದರು. ಆ ಮುಖಂಡರೋ, ಚುನಾವಣೆಯಲ್ಲಿ ಒಬ್ಬೊಬ್ಬರು ಒಂದೊಂದು ಪಕ್ಷ ಹಿಡಿದು, ಎದುರು ಸಿಕ್ಕರೆ ಮುಖ ತಿರುಗಿಸುವವರು. ಅವರಲ್ಲೊಬ್ಬರಾದ ಕುಮಟಾದ ವಕೀಲರು ನನ್ನ ತವರಿನ ನೆರೆಯವರು. ಅರ್ಜಿ ನೋಡಿ ಗದರಿದರು: “ಹೆಬಳೆಗೆಂತಕೆ ನರ್ಸಬಾಯಿ? ನಮ್ಮೂರವಳಾಗಿ ಭಟ್ಕಳದವರ ಪರ ಬರೀತೀಯೇನೇ?”

ನಾನು ಮಹಾ ಬುದ್ಧಿವಂತೆ. ಅರ್ಜಿಯನ್ನು ಹೊಸದಾಗಿ ಬರೆದೆ. ಊರಿನ ಹೆಸರಿನ ಜಾಗ ಖಾಲಿ ಬಿಟ್ಟೆ. ಮೂವರೂ ತಂತಮ್ಮ ಊರಿಗೇ ಎಂದುಕೊಂಡು, ಒಬ್ಬರಿಗಿಂತ ಒಬ್ಬರು ದೊಡ್ಡದಾಗಿ ಸಹಿ ಜಡಿದರು. ಕೊನೆಗಳಿಗೆಯಲ್ಲಿ ‘ಹೆಬಳೆ’ ಎಂದು ತುಂಬಿದರಾಯಿತು ಎಂಬುದು ನನ್ನ ಲೆಕ್ಕಾಚಾರ.

ಸತ್ಕಾರದ ದಿನ ಯಾರ ಹಾರ ಮೊದಲು ಎಂಬ ಜಗಳದಲ್ಲೇ ಅರ್ಧ ತಾಸು ಹೋಯಿತು. ಮೂವರೂ ಸದಸ್ಯರಿಗೆ ಅಂಟಿಕೊಂಡೇ ನಿಂತಿದ್ದರು. ಪೆನ್ನು ನನ್ನ ಕೈಯಲ್ಲೇ ಇತ್ತು. ವಕೀಲರು ನನ್ನನ್ನೇ ನೋಡುತ್ತಿದ್ದರು. ಹೆದರಿದೆ. ಹಾಗೆಯೇ ಕೊಟ್ಟುಬಿಟ್ಟೆ. ಸದಸ್ಯರು ಅದನ್ನು ಓದದೆ ಮಡಚಿ, “ಕೆಲಸ ಆಯಿತೆಂದೇ ತಿಳಿಯಿರಿ” ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ಉತ್ತರ ಬರಲು ಏಳು ತಿಂಗಳು ಹಿಡಿಯಿತು: ‘ಸ್ಥಳ ಯಾವುದೆಂದು ತಿಳಿಸಿದಲ್ಲಿ ಪರಿಶೀಲಿಸಲಾಗುವುದು.’ ಅಷ್ಟರಲ್ಲಿ ಮಾದೇವಿ ಎರಡು ದಿನ ನೋವು ತಿಂದು, ಭಟ್ಕಳದ ಆಸ್ಪತ್ರೆಗೆ ಒಯ್ಯುವ ಗಾಡಿಯಲ್ಲೇ ತೀರಿಹೋಗಿದ್ದಳು. ಮುಖಂಡರು ಮೂವರೂ ತಮಗೆ ಮೋಸವಾಯಿತೆಂದು ನನ್ನ ಮೇಲೆ ಹರಿಹಾಯ್ದರು. ಮಾದೇವಿ ಯಾರೆಂದು ಒಬ್ಬನೂ ಕೇಳಲಿಲ್ಲ. ಥೂ, ಅವರ ಮುಖಂಡತನಕ್ಕಿಷ್ಟು!

ನಾಗಮ್ಮನಿಗೆ ಕಾಗದ ಓದಿ ಹೇಳಿದೆ, ನಡೆದದ್ದನ್ನೂ ಹೇಳಿದೆ. ಅವಳು ಕೂಗಾಡಲಿಲ್ಲ. “ಎಲ್ಲರಿಗೂ ಒಳ್ಳೆಯವ್ರಾದ್ರಿ ಅಕ್ಕೋರೇ” ಎಂದು ಒಳಗೆ ಹೋದಳು.

ಇಷ್ಟು ವರ್ಷ ಆ ಸದಸ್ಯರನ್ನು ಬಾಯಿತುಂಬ ಬೈದುಕೊಂಡೇ ಬಂದೆ. ಇವತ್ತೂ ಬೈಯಲೆಂದೇ ಬರೆಯಲು ಕೂತದ್ದು. ಆದರೆ ನಾಲಗೆ ಏಳುತ್ತಿಲ್ಲ. ಹೆಬಳೆ ಎಂಬ ಊರಿದೆಯೆಂದೇ ಅವರಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು.